ಮೂರೆಲೆ ಬಿಟ್ಟು ಬಾಕಿಯೆಲ್ಲ

ಅವ್ವನಿಗೆ ನಾನು ಕಲಿಸಿದ ಒಂದೇ ಒಂದು ಪಾಠ ಅವಳ ಪ್ರಾಣಕ್ಕೆ ಕುತ್ತು ತಂದಿತು.

ತೋಟಗಾರಿಕೆ ಓದಲು ನ್ಯೂಜಿಲೆಂಡಿಗೆ ಹೋದವಳು ಅಲ್ಲೇ ಉಳಿದು, ಅಪ್ಪರ್ ಹಟ್ ಎಂಬ ಊರಿನಾಚೆಯ ಗುಡ್ಡದಲ್ಲಿ ಪೈನ್ ಮರಗಳಡಿ ಜಿನ್‌ಸೆಂಗ್ ಬೆಳೆಸುವ ಕೆಲಸಕ್ಕೆ ಸೇರಿದ್ದೆ. ಔಷಧಿಗೆ ಹೋಗುವ ಬೇರು, ಬಲು ದುಬಾರಿ. ಬೀಜ ಮೊಳೆಯಲು ಒಂದೂವರೆ ವರ್ಷ ಬೇಕು. ಮೊದಲ ವಸಂತದಲ್ಲಿ ಬೆರಳುದ್ದದ ದಂಟು ಏಳುತ್ತದೆ, ತುದಿಯಲ್ಲಿ ಮೂರೇ ಎಲೆ. ಪಕ್ಕದಲ್ಲಿ ಏಳುವ ಬ್ಲ್ಯಾಕ್‌ಬೆರಿ ಕಳೆಗೂ ಮೂರೆಲೆಯೇ, ಆದರೆ ಅದರ ದಂಟು ಮುಳ್ಳುಮುಳ್ಳು, ನಮ್ಮದು ನುಣುಪು. ಗುರುತು ತಪ್ಪಿ ಕಿತ್ತರೆ ಅಷ್ಟು ದಿನದ ಕಾಯುವಿಕೆ ಮಣ್ಣುಪಾಲು.

ಆ ಅಕ್ಟೋಬರಿನಲ್ಲಿ, ಅಲ್ಲಿಗೆ ಅದು ವಸಂತ, ಅವ್ವ ಮಂಡ್ಯದಿಂದ ಮೂರು ತಿಂಗಳಿಗೆಂದು ಬಂದಳು. ಸುಮ್ಮನೆ ಕೂರುವ ಜಾತಿಯಲ್ಲ, ಕಳೆ ಕೀಳಲು ನನ್ನ ಜೊತೆ ಹೊರಟಳು. ಮೊದಲ ದಿನವೇ ಕಳೆಯ ರಾಶಿಯಿಂದ ಗಣಿಕೆ ಸೊಪ್ಪು ಆರಿಸಿ ಮಡಿಲಿಗೆ ಹಾಕಿಕೊಂಡಳು. ತೋಟದ ಮಾಲೀಕ, ಅಲ್ಲಿನವನೇ ಆದ ಒಬ್ಬ ಮುದುಕ, ಪಿಕಪ್ ಗಾಡಿ ನಿಲ್ಲಿಸಿ ಓಡಿಬಂದು ಅದು ವಿಷ ಎಂದ. ನಾವು ಅದನ್ನೇ ಮಸ್ಸೊಪ್ಪು ಮಾಡಿ ಉಂಡು, ಮಾರನೆಯ ದಿನ ಅವನೆದುರು ನಗುತ್ತಾ ನಿಂತೆವು. ನನಗೂ ಕೊಬ್ಬು. ನಮ್ಮವ್ವನಿಗೆ ಸೊಪ್ಪಿನ ಪಾಠ ಹೇಳಲು ಇವನ್ಯಾರು ಎಂದುಕೊಂಡೆ.

ಆದರೆ ಜಿನ್‌ಸೆಂಗ್ ಸಸಿ ಅವಳಿಗೆ ಹೊಸದು. ಎರಡನ್ನು ಕಿತ್ತೇಬಿಟ್ಟಾಗ ನಾನು ಹರಿಹಾಯ್ದೆ. ಕನ್ನಡಕ ಹಾಕಿಕೊ, ದಂಟು ಸವರಿ ನೋಡು, ನುಣುಪಾದ ಮೂರೆಲೆ ಬಿಟ್ಟು ಬಾಕಿಯೆಲ್ಲ ಕೀಳು, ಅಷ್ಟೂ ಗೊತ್ತಾಗುವುದಿಲ್ಲವೇ ಎಂದೆ. ಅವ್ವ ಮುಖ ಚಿಕ್ಕದು ಮಾಡಿಕೊಂಡಳು. ಆಮೇಲೆ ಒಂದೂ ತಪ್ಪಲಿಲ್ಲ. ಸಾಲುಗಳ ನಡುವೆ ಸುಕ್ಕುಸುಕ್ಕಾದ, ನವಿರು ರೋಮದ ಇನ್ನೊಂದು ಗಿಡವೂ ಏಳುತ್ತಿತ್ತು. ದಿನವೂ ಕಿತ್ತೆಸೆಯುತ್ತಿದ್ದೆ. ಅದರ ಮಾತನ್ನು ಅವಳಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಒಂದು ಶನಿವಾರ ಅವಳು ತೋಟದಿಂದ ಬುಟ್ಟಿ ತುಂಬ ಬೆರಕೆ ಸೊಪ್ಪು ಆರಿಸಿ ತಂದಳು. ಮಾರನೆಯ ದಿನ ನಾನೊಬ್ಬಳೇ ಕೆಲಸಕ್ಕೆ ಹೋಗಿ ಮೂರು ಗಂಟೆಗೆ ಮನೆಗೆ ಬಂದೆ. ಸಕ್ಕರೆ ಕಾಯಿಲೆಯವಳು, ಆ ಸೊಪ್ಪಿನ ಸಾರು ಮಾಡಿ ಹೊತ್ತಿಗೆ ಸರಿಯಾಗಿ ಉಂಡಿದ್ದಳು. ನನ್ನ ತಟ್ಟೆಗೆ ಮುದ್ದೆ ಇಟ್ಟು ಮುಚ್ಚಿದ್ದಳು. ಹೊಟ್ಟೆ ತೊಳಸುತ್ತಿದೆ ಎಂದು ಗೋಡೆಗೆ ಒರಗಿ ಕೂತಿದ್ದಳು.

"ಗೋಡೆಗೆಲ್ಲ ಅರಿಶಿನ ಬಳಿದಂಗೆ ಕಾಣ್ತಾ ಅದೆ ಕಣೆ," ಎಂದಳು.

ಗೋಡೆ ಬೆಳ್ಳಗೇ ಇತ್ತು. ಕಸದ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದೆ. ಗಣಿಕೆಯ ದಂಟುಗಳ ನಡುವೆ ಆ ರೋಮದ ಎಲೆಯ ತೊಟ್ಟುಗಳಿದ್ದವು. ಫಾಕ್ಸ್‌ಗ್ಲೋವ್. ತಿಂದವರ ಕಣ್ಣಿಗೆ ಎಲ್ಲವನ್ನೂ ಹಳದಿ ಮಾಡಿ, ಹೃದಯವನ್ನೇ ಹಿಡಿದು ನಿಲ್ಲಿಸುವ ಗಿಡ. ಅವಳ ನಾಡಿ ಹಿಡಿದೆ. ಒಂದು ಬಡಿತ, ಆಮೇಲೆ ಏನೂ ಇಲ್ಲ, ಮತ್ತೆ ಒಂದು ಬಡಿತ.

ಡಾಕ್ಟರಿಗೆ ತೋರಿಸಲು ತೊಟ್ಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅವಳನ್ನು ಕಾರಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ವಾಂತಿ. ನಾನು ಅಳುತ್ತಿದ್ದುದನ್ನು ಕಂಡು, ಬೈಯುತ್ತೇನೆಂದು ಹೆದರಿರಬೇಕು, ನನ್ನ ತೋಳು ಹಿಡಿದಳು.

"ನಿನ್ನ ಮೂರೆಲೆ ಒಂದ್ನೂ ಕಿತ್ತಿಲ್ಲ ಕಣವ್ವ. ಎಲ್ಲಾ ಸವರಿ ಸವರಿ ನೋಡಿವ್ನಿ."

ಬೆಲೆ ಬಾಳುವ ಗಿಡ ತೋರಿಸಿದ್ದೆ, ಕೊಲ್ಲುವ ಗಿಡ ತೋರಿಸಿರಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ವೈರುಗಳ ನಡುವೆ ಮಲಗಿದ್ದಳು. ಪರದೆಯ ಮೇಲೆ ಗೆರೆ ನಿಂತು ನಿಂತು ಏಳುವುದನ್ನು ನೋಡುತ್ತಾ ಕೂತೆ. ಉಳಿದಳು.

ಊರಿಗೆ ಮರಳಿದ ಮೇಲೆ ಹಿತ್ತಲಿನಿಂದ ವಿಡಿಯೋ ಕಾಲ್ ಮಾಡತೊಡಗಿದಳು. ತಾನೇ ಬಿತ್ತಿದ ಹರಿವೆ ಸೊಪ್ಪನ್ನು ಫೋನಿಗೆ ಹತ್ತಿರ ಹಿಡಿದು, ಇದನ್ನು ತಿನ್ನಬಹುದೇ ಎಂದು ಕೇಳುತ್ತಾಳೆ. ತಿನ್ನವ್ವ ಎನ್ನುತ್ತೇನೆ. ಅವಳು ಎಲೆಯನ್ನು ಮಗುಚಿ, ಹಿಂಬದಿಯನ್ನೂ ತೋರಿಸುತ್ತಾಳೆ.