ಒಲೆ ಸುತ್ತಿದ ಬೆಕ್ಕು

ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಆಗ ತಂಗಿಯ ಫೋನು ಬಂತು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ.

“ಅಕ್ಕಾ, ರಕ್ತದ ರಿಪೋರ್ಟ್ ಬಂತು. ಕರೀದು ಪಾಸ್. ಕೆಂದಂದು ಫೇಲ್.”

ತಂಗಿ ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಅವಳ ಮದುವೆ ಬಹಳ ದಿನ ಉಳಿಯಲಿಲ್ಲ. ಅಂದಿನಿಂದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಒಬ್ಬಳೇ ಎನ್ನುವುದು ನಮ್ಮ ಮಾತು. ಅವಳ ಲೆಕ್ಕದಲ್ಲಿ ಆ ಮನೆಯಲ್ಲಿ ಮೂವರಿದ್ದರು: ಅವಳು, ಕಪ್ಪು ಹೆಣ್ಣುಬೆಕ್ಕು ಕರಿ, ಕೆಂಚು ಬಣ್ಣದ ಗಂಡುಬೆಕ್ಕು ಕೆಂದ. ಎತ್ತುಗಳಿಗೆ ಬಣ್ಣ ನೋಡಿ ಹೆಸರಿಡುವ ಮನೆಯಲ್ಲಿ ಹುಟ್ಟಿದವರು ನಾವು. ಬೆಕ್ಕಿಗೂ ಅದೇ ಆಯಿತು.

ಡ್ಯೂಟಿ ಮುಗಿಸಿ ಬಂದು ಜರ್ಮನ್ ಭಾಷೆ ಕಲಿತು, ಪರೀಕ್ಷೆ ಬರೆದು, ಆ ದೇಶದ ಒಂದು ಆಸ್ಪತ್ರೆಯಲ್ಲಿ ಅವಳು ಕೆಲಸ ಗಿಟ್ಟಿಸಿಕೊಂಡಿದ್ದಳು. ಬೆಕ್ಕುಗಳು ಆ ದೇಶಕ್ಕೆ ಹೋಗಬೇಕಾದರೆ ಹುಚ್ಚುನಾಯಿ ರೋಗದ ಸೂಜಿ ಹಾಕಿಸಿ, ಅದು ಮೈಗೆ ಹತ್ತಿದೆಯೋ ಇಲ್ಲವೋ ಎಂದು ರಕ್ತ ತೆಗೆಸಿ ಹೊರದೇಶಕ್ಕೆ ಕಳಿಸಿ ನೋಡಬೇಕಂತೆ. ಪಾಸಾದ ಮೇಲೂ ಮೂರು ತಿಂಗಳು ಕಾಯಬೇಕು. ಫೇಲಾದರೆ ಮತ್ತೆ ಸೂಜಿ, ಮತ್ತೆ ರಕ್ತ, ಮತ್ತೆ ಕಾಯುವುದು. ಆದರೆ ಅವಳ ಕೆಲಸ ಅಷ್ಟು ಕಾಯುವುದಿಲ್ಲ.

“ನಾಯಿ ಹುಚ್ಚಿಗೆ ಬೆಕ್ಕಿಗ್ಯಾಕ ಸೂಜಿ?” ಎಂದರು ಒಳಗಿಂದ ಬಂದ ನಮ್ಮ ಅತ್ತೆ. ಅವರಿಗೆ ಕಿವಿ ಚುರುಕು. ಅದೂ ದೇವರ ಕೃಪೆಯೇ, ಈ ವಯಸ್ಸಿನಲ್ಲಿ.

ಅತ್ತ ಫೋನಿನಲ್ಲಿ ತಂಗಿ ಹೇಳಿದಳು: “ಒಂದನ್ನ ಒಯ್ದು ಒಂದನ್ನ ಬಿಟ್ಟು ನಾ ಹೋಗಂಗಿಲ್ಲಕ್ಕಾ. ಬರಂಗಿಲ್ಲ ಅಂತ ಬರದ ಬಿಡ್ತೀನಿ ಅವರಿಗೆ.”

ಅವಳು ಹಾಗೆಂದರೆ ಹಾಗೆಯೇ ಮಾಡುವವಳು. ಮೊರದಲ್ಲಿನ ಕಲ್ಲು ಆರಿಸುತ್ತ ನಾನೆಂದೆ: “ಕರೀದನ್ನ ಕರಕೊಂಡು ಹೋಗು. ಕೆಂದನ್ನ ಇಲ್ಲೆ ಕುಕನೂರಿಗೆ, ನಮ್ಮನಿಗೆ ತಂದು ಬಿಡು. ಸೂಜಿ ಹಾಕಸ್ತೀನಿ, ರಕ್ತಾ ತಗಸ್ತೀನಿ, ಪಾಸಾದ ಮ್ಯಾಲ ಕಳಸ್ತೀನಿ.”

“ಖರೇನ ಕಳಸ್ತೀ?”

“ನನಗ್ಯಾಕ ಬೇ ನಿನ್ನ ಬೆಕ್ಕು?”

ಅವಳು ಅಳುತ್ತ ನಕ್ಕಳು.

ಅವಳು ಹೊರಡುವ ವಾರ ಕೆಂದ ನಮ್ಮ ಮನೆಗೆ ಬಂತು. ಜೊತೆಗೆ ಅದರ ಸ್ಟೀಲಿನ ಬಟ್ಟಲು, ಹಾಸಿಗೆ, ಒಂದು ಚೀಲ ತಿನಿಸು. ಎರಡೂ ಬೆಕ್ಕುಗಳ ಹೆಗಲ ನಡುವೆ, ಚರ್ಮದ ಕೆಳಗೆ, ಅಕ್ಕಿಕಾಳಿನಷ್ಟು ದೊಡ್ಡ ಒಂದು ಚಿಪ್ ಹಾಕಿಸಿದ್ದಳು. ಯಂತ್ರ ಹಿಡಿದರೆ ಅದರಲ್ಲಿ ನಂಬರು ಕಾಣುತ್ತದೆ, ಅದೇ ಬೆಕ್ಕಿನ ಗುರುತು ಎಂದು ವಿವರಿಸಿದಳು. ಅತ್ತೆ ಕೆಂದನ ಬೆನ್ನು ಸವರಿ ನೋಡಿದರು.

“ಲಿಂಗಾ ಕಟ್ಟಿದಂಗಾತು ಬಿಡವಾ. ಇನ್ನ ಕಂಡಲ್ಲೆ ಬಾಯಿ ಹಾಕಬಾರದು ಅಂತ ತಿಳಿಸಿ ಹೇಳು ಅದಕ್ಕ.”

“ಕಾಯಿಪಲ್ಲೆ ತಿನ್ನಂಗಿಲ್ರಿ ಅತ್ತಿ ಅದು,” ಎಂದಳು ತಂಗಿ.

ಅತ್ತೆ ನನ್ನ ಮುಖ ನೋಡಿದರು. ಆ ಚೀಲದಲ್ಲಿ ಏನಿದೆ ಎಂದು ಕೇಳಿದರು. “ಬೆಕ್ಕಿನ ಕಾಳ್ರಿ,” ಎಂದೆ. ಚೀಲದ ಮೇಲೆ ಮೀನಿನ ಚಿತ್ರವಿತ್ತು; ಆ ಮಗ್ಗುಲನ್ನು ಗೋಡೆಗೆ ತಿರುಗಿಸಿಟ್ಟೆ. ಆ ಚೀಲ ಹಿತ್ತಿಲ ಕಟ್ಟೆಯ ಮೇಲೇ ಇರುವುದೆಂದೂ, ಒಳಗೆ ತರುವುದಿಲ್ಲವೆಂದೂ ಠರಾವಾಯಿತು. ದಿನಾ ಕೆಂದನಿಗೆ ಆ ಕಾಳು ಹಾಕಿ, ಕೈ ತೊಳೆದು, ವಿಭೂತಿ ಹಚ್ಚಿಕೊಂಡು ಒಲೆ ಹೊತ್ತಿಸುತ್ತಿದ್ದೆ. ಶಿವ ಹುಲಿಯ ಚರ್ಮದ ಮೇಲೆ ಕೂರುತ್ತಾನೆ, ಇದನ್ನೂ ತಿಳಿದುಕೊಂಡಾನು ಅಂದುಕೊಂಡೆ.

ಹೊಸ ಬೆಕ್ಕು ಮನೆಗೆ ಬಂದರೆ ನಮ್ಮಲ್ಲಿ ಅದನ್ನು ಎತ್ತಿಕೊಂಡು ಒಲೆಯ ಸುತ್ತ ಬಲಕ್ಕೆ ಮೂರು ಸುತ್ತು ತಿರುಗಿಸುತ್ತಾರೆ. ಕಾಲಿಗೆ ಚೂರು ಬೂದಿ ಹಚ್ಚಿ ಕೆಳಗೆ ಬಿಡುತ್ತಾರೆ. ಆಮೇಲೆ ಆ ಬೆಕ್ಕು ಆ ಮನೆಯನ್ನು ಬಿಡುವುದಿಲ್ಲ. ಬೇಡವಾದ ಬೆಕ್ಕನ್ನು ಹಳ್ಳ ದಾಟಿಸಿ ಬಿಡುವುದು ಎಷ್ಟು ಹಳೆಯದೋ ಇದೂ ಅಷ್ಟೇ ಹಳೆಯದು. ಈಗ ನಮ್ಮ ಅಡುಗೆ ಗ್ಯಾಸಿನ ಮೇಲೆ. ಗ್ಯಾಸಿನ ಒಲೆ ಗೋಡೆಗೆ ಹತ್ತಿದೆ, ಅದನ್ನು ಸುತ್ತಲು ಬರುವುದಿಲ್ಲ. ಹಿತ್ತಿಲಲ್ಲಿ ಸ್ನಾನದ ನೀರು ಕಾಸುವ ನೀರೊಲೆ ಉಂಟು. ಅತ್ತೆ ಕೆಂದನನ್ನು ಎತ್ತಿಕೊಂಡು ಅತ್ತ ಹೊರಟಿದ್ದರು. ತಂಗಿ ಅಡ್ಡ ನಿಂತಳು.

“ಬ್ಯಾಡ್ರಿ ಅತ್ತಿ. ಒಲಿ ಸುತ್ತಿಸಬ್ಯಾಡ್ರಿ. ಸುತ್ತಿಸಿದರ ಇಲ್ಲಿದ ಆಗಿ ಬಿಡ್ತೈತಿ. ಇದು ನನ್ನ ಕಡೆ ಬರಬೇಕು.”

“ಇಷ್ಟ ಓದೀಯಲ್ಲ, ಇದನ್ನ ನಂಬ್ತೀ ಏನು?”

“ನಂಬಂಗಿಲ್ರಿ. ಆದ್ರೂ ಬ್ಯಾಡ.”

ಅತ್ತೆ ಬೆಕ್ಕನ್ನು ಕೆಳಗಿಟ್ಟರು. ಅದು ಜೋಳದ ಚೀಲಗಳ ಹಿಂದೆ ಹೋಗಿ ಕುಳಿತಿತು.

ಬೆಂಗಳೂರಿನ ವಿಮಾನ ನಿಲ್ದಾಣದ ತನಕ ನಾನೂ ನಮ್ಮ ಮನೆಯವರೂ ತಂಗಿಯ ಜೊತೆ ಕಾರಿನಲ್ಲಿ ಹೋದೆವು. ಜಾಲರಿ ಚೀಲದಲ್ಲಿ ಕರಿಯನ್ನು ಇಟ್ಟುಕೊಂಡು ಹೊರಟವಳನ್ನು ನೋಡಿ, ಬೀಳ್ಕೊಡಲು ಬಂದ ಬಂಧುಗಳು ಆಡದೆ ಬಿಡಲಿಲ್ಲ. “ಮಂದಿ ಮಕ್ಕಳನ್ನ ಕಂಕುಳಾಗ ಇಟಗೊಂಡು ಹೋಗ್ತಾರ, ಈಕಿ ನೋಡು,” ಎಂದಳು ಸೋದರತ್ತೆ. ತಂಗಿ, “ಇದು ಸಾಲಿ ಫೀ ಕೇಳಂಗಿಲ್ಲ ಅತ್ತೀ,” ಎಂದು ನಕ್ಕು ಕಾರು ಹತ್ತಿದಳು. ಹೊರಡುವವರಿಗೆ ಕೊಡುವ ಮೊಸರನ್ನು ತಾನು ತಿಂದಳು, ಕರಿಗೆ ಕೊಡಗೊಡಲಿಲ್ಲ. ದಾರಿಯುದ್ದಕ್ಕೂ ಅದು ಬರಿ ಹೊಟ್ಟೆಯಲ್ಲಿರಬೇಕಂತೆ. ಚಿತ್ರದುರ್ಗದ ತನಕ ಕೂಗಿ ಕೂಗಿ ಆಮೇಲೆ ಸುಮ್ಮನಾಯಿತು.

ನಿಲ್ದಾಣದ ಬಾಗಿಲಿನ ಆಚೆ ನಮ್ಮನ್ನು ಬಿಡಲಿಲ್ಲ. ಒಳಗೆ ಏನಾಯಿತೆಂದು ಅವಳು ಫೋನಿನಲ್ಲಿ ಹೇಳಿದಳು. ಕರಿಯ ಚೀಲ ಮಾತ್ರ ಯಂತ್ರದೊಳಗೆ ಹೋಯಿತಂತೆ. ಕರಿಯನ್ನು ಎದೆಗೆ ಅವಚಿಕೊಂಡು ತಾನು ತಪಾಸಣೆಯ ಚೌಕಟ್ಟು ದಾಟಿದಳಂತೆ. ತಪಾಸಣೆಯ ಹೆಣ್ಣುಮಗಳು ಬೆಕ್ಕಿನ ಹಣೆ ತೋರಿಸಿ ಇದೇನು ಎಂದು ಕೇಳಿದಳಂತೆ. ಹೊರಡುವಾಗ ನಾನು ಹಚ್ಚಿದ ವಿಭೂತಿ ಅದು. “ನಮ್ಮಕ್ಕ ಹಚ್ಯಾಳ್ರಿ,” ಎಂದಿದ್ದಕ್ಕೆ, ಆಕೆ ಕರಿಯ ಕಿವಿ ಸವರಿ ಮುಂದೆ ಬಿಟ್ಟಳಂತೆ. ವಿಮಾನದಲ್ಲಿ ಮುಂದಿನ ಸೀಟಿನ ಕೆಳಗೆ, ತಂಗಿಯ ಕಾಲಿನ ಹತ್ತಿರ, ಆ ಚೀಲದಲ್ಲೇ ಮಲಗಿ ಕರಿ ಸಮುದ್ರ ದಾಟಿತು.

ಇತ್ತ ಕೆಂದ ಓಡಿಹೋಗುತ್ತದೆ ಎಂಬ ಭಯ ನನಗೆ ಇತ್ತು. ಒಲೆ ಸುತ್ತಿಸಿಲ್ಲ, ಪರ ಊರು, ಬಾಗಿಲು ತೆರೆದರೆ ರಸ್ತೆ. ಕಳೆದರೆ ತಂಗಿಗೆ ಏನು ಹೇಳಲಿ? ನಾವು ಬೆಂಗಳೂರಿನಿಂದ ಬಂದಾಗ ಅದು ಹಿತ್ತಿಲಲ್ಲಿ ನೀರೊಲೆಯ ಬೆಚ್ಚನೆ ಬೂದಿಯ ಪಕ್ಕ ಮಲಗಿತ್ತು. ಆಮೇಲೂ ಎಲ್ಲಿಗೂ ಹೋಗಲಿಲ್ಲ. ಪೂಜೆಯ ಹೊತ್ತಿಗೆ ಬಂದು ಹೊಸ್ತಿಲ ಹತ್ತಿರ ಕೂರುತ್ತಿತ್ತು. ಜೋಳದ ಚೀಲಗಳ ಮೇಲೆ ನಿದ್ದೆ ಮಾಡುತ್ತಿತ್ತು. ಆ ಕಾಲದಲ್ಲಿ ಮನೆಯಲ್ಲಿ ಇಲಿಯ ಸದ್ದಿರಲಿಲ್ಲ. ಇದೆಲ್ಲ ದೇವರ ದಯೆ ಎಂದು ಭಾವಿಸಿ ಸೋಮವಾರ ಒಂದು ಕಾಯಿ ಹೆಚ್ಚಿಗೆ ಒಡೆದೆ.

ಎರಡನೆಯ ಸಲ ಕೆಂದ ಪಾಸಾಯಿತು. ಬೆಂಗಳೂರಿನಲ್ಲಿ ಪ್ರಾಣಿಗಳನ್ನು ವಿಮಾನಕ್ಕೆ ಹಾಕಿ ಕಳಿಸುವವರು ಒಂದು ಗೂಡು ಕಳಿಸಿಕೊಟ್ಟರು. ಹೊರಡುವ ಮುಂಚೆ ಅದು ರೂಢಿಯಾಗಬೇಕು, ಊಟ ಅದರೊಳಗೇ ಇಡಿ ಎಂದರು. ಹಾಗೆಯೇ ಮಾಡಿದೆ. “ಸೆರಿಮನ್ಯಾಗ ಊಟಾ ರೂಢಿ ಮಾಡಸಾಕತ್ತಾಳ,” ಎಂದು ಅತ್ತೆ ಓಣಿಯವರಿಗೆಲ್ಲ ಹೇಳಿದರು. ಕಾಯುವ ಮೂರು ತಿಂಗಳು ಮುಗಿದ ಮೇಲೆ ಅವರ ಗಾಡಿ ಬಂತು. ಕೆಂದ ತಾನೇ ನಡೆದು ಗೂಡಿನೊಳಗೆ ಹೋಗಿ ಕುಳಿತಿತು, ಊಟಕ್ಕೆ ಎಂದುಕೊಂಡು. ನಾನು ಬಾಗಿಲು ಹಾಕಿದೆ. “ಹೋಗಿ ಬಾ” ಎನ್ನಲು ಬಾಯಿ ತೆರೆದೆ. ಮತ್ತೆ ಬಾರದೆ ಹೋಗುವುದಕ್ಕೆ ಏನು ಹೇಳಬೇಕೋ ತಿಳಿಯದೆ, “ಆತಪಾ” ಎಂದಷ್ಟೇ ಅಂದೆ.

ಅದು ಸುಖವಾಗಿ ತಲುಪಿತು. ಆದರೆ ತಲುಪಿದ ದಿನವೂ ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ತಂಗಿ ವಿಡಿಯೋ ಹಚ್ಚಿ ತೋರಿಸಿದಳು. ಬಟ್ಟೆ ಒಗೆಯುವ ಯಂತ್ರದ ಹಿಂದೆ, ಗೋಡೆಯ ಸಂದಿಯಲ್ಲಿ, ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಕರಿಯ ಹತ್ತಿರವೂ ಹೋಗುತ್ತಿರಲಿಲ್ಲ.

“ಬೆಕ್ಕು ಭಾಳ ಹೊತ್ತು ಉಪಾಸ ಇರಬಾರದು ಅಕ್ಕಾ. ಲಿವರ್ ಕೆಟ್ಟು ಸಾಯತಾವು. ನಾಳೆ ದವಾಖಾನಿಗೆ ಒಯ್ತೀನಿ,” ಎಂದಳು. ಅವಳ ದನಿಯಲ್ಲಿ ನರ್ಸ್ ಇರಲಿಲ್ಲ. “ನಾನ ಕೊಂದಂಗಾತಿಲ್ಲ? ಅಲ್ಲೇ ಇದ್ದಿದ್ರ ಛಲೋ ಇರ್ತಿತ್ತು.”

ಪಕ್ಕದಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

“ಅದು ಹೆಂಗ ಉಂಡೀತು? ಅದರ ಒಲಿ ಇಲ್ಲೈತಿ.”

“ಏನಂದ್ರಿ?” ಎಂದೆ.

“ನಾ ಸುತ್ತಿಸೀನಿ. ನೀವು ಬೆಂಗಳೂರಿಗೆ ಹೋದ ದಿನಾನ. ಕೂಗಾಡಕೋತ ಬಾಗಲಾ ಕೆರೀತಿತ್ತು. ಓಡಿ ಹೋಗಿ ಲಾರಿ ಕೆಳಗ ಬಿದ್ರ ಆಕಿಗೆ ಏನ ಕಳಸ್ತಿದ್ದೀ, ಅದರ ಬಾಲಾ?”

ಫೋನಿನಲ್ಲಿ ತಂಗಿಗೆ ಎಲ್ಲವೂ ಕೇಳಿಸಿತ್ತು. ಅವಳು ಬೈಯುತ್ತಾಳೆ ಎಂದುಕೊಂಡೆ. “ಬಿಚ್ಚಾಕ ಬರತೈತಿ ಏನ್ರಿ ಅತ್ತೀ?” ಎಂದು ಕೇಳಿದಳು.

“ಯಾರೂ ಬಿಚ್ಚಿಲ್ಲವಾ. ಒಲಿ ಸುತ್ತಿಸಿ ಇಟಗೊಂಡದ್ದನ್ನ ಯಾರು ಕೊಡ್ತಾರ? ತಡಿ.”

ಕೆಂದನ ಸ್ಟೀಲಿನ ಬಟ್ಟಲು ಇನ್ನೂ ಹಿತ್ತಿಲ ಕಟ್ಟೆಯ ಮೇಲೆ ಇತ್ತು. ಮೀನಿನ ಕಾಳಿನ ಬಟ್ಟಲೆಂದು ಅತ್ತೆ ಅದನ್ನು ಒಂದು ದಿನವೂ ಮುಟ್ಟಿದವರಲ್ಲ. ಈಗ ಕೈಯಲ್ಲಿ ಹಿಡಿದುಕೊಂಡರು. ಮೊಣಕಾಲು ನೋವು, ಆದರೂ ನಿಧಾನಕ್ಕೆ ನೀರೊಲೆಯ ಸುತ್ತ ಎಡಕ್ಕೆ ಮೂರು ಸುತ್ತು ಹಾಕಿದರು. ನಾನು ಹಿಂದಿನಿಂದ ಫೋನು ಹಿಡಿದುಕೊಂಡು ನಡೆದೆ. ತಂಗಿ ಅಲ್ಲಿಂದ ನೋಡುತ್ತಿದ್ದಳು.

“ಇಲ್ಲಿದು ಮುಗೀತು,” ಎಂದರು ಅತ್ತೆ, ಕಟ್ಟೆಯ ಮೇಲೆ ಕೂರುತ್ತ. “ಇನ್ನ ನಿನ್ನ ಒಲಿ ಸುತ್ತಿಸು.”

“ನಂದು ಕರೆಂಟಿನ ಒಲಿ ಐತ್ರಿ. ಗ್ವಾಡಿಗೆ ಹತ್ತೇತಿ. ಬೂದಿನೂ ಇಲ್ಲ.”

“ನೀ ಎಲ್ಲಿ ಕುಂತು ಉಣ್ತೀ?”

“ನೆಲದ ಮ್ಯಾಲ.”

“ಹಂಗಾರ ನೆಲದ ಮ್ಯಾಲ ತಾಟು ಇಟಗೊಂಡು ಉಣ್ಣು. ಅದರ ಸುತ್ತ ತಿರುಗಿಸು. ಹೆಣ್ಣಮಗಳು ಉಂಡಲ್ಲೆ ಒಲಿ.”

ಮರುದಿನ ಬೆಳಿಗ್ಗೆ, ದವಾಖಾನೆಗೆ ಹೊರಡುವ ಮುಂಚೆ, ತಂಗಿ ಫೋನು ಮಾಡಿದಳು. ಕೆಂದ ಸಂದಿಯಿಂದ ಬಂದು ಅರ್ಧ ಬಟ್ಟಲು ಉಂಡಿದೆ, ಈಗ ಕರಿಯ ಮೈ ನೆಕ್ಕುತ್ತಿದೆ ಎಂದಳು. ಆದರೂ ದವಾಖಾನೆಗೆ ಒಯ್ಯುತ್ತೇನೆ ಎಂದಳು. ಒಯ್ಯಿ ಎಂದೆ. ಸುತ್ತು ಬಿಚ್ಚಿದ್ದಕ್ಕೆ ಉಂಡಿತೋ, ಹಸಿವಿಗೆ ಉಂಡಿತೋ, ಅದನ್ನು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಉಂಡಿತಲ್ಲ, ಅಷ್ಟು ಸಾಕು. ದೇವರ ಮುಂದೆ ಒಂದು ದೀಪ ಹಚ್ಚಿ ಅತ್ತೆಗೆ ಸುದ್ದಿ ಹೇಳಿದೆ.

“ಉಣ್ಣಲಿ,” ಎಂದರು. “ಆ ಮೂಲ್ಯಾಗಿನ ಚೀಲಾ ನೋಡಿದೇನು? ಇಲಿ ಕಡದಾವು.”

ಹೋಗಿ ನೋಡಿದೆ. ಕೆಂದ ಮಲಗುತ್ತಿದ್ದ ಚೀಲವೇ. ಕೆಳಗಿನ ಮೂಲೆಯಲ್ಲಿ ಒಂದು ತೂತು, ನೆಲದ ಮೇಲೆ ಒಂದು ಹಿಡಿ ಜೋಳ. ಚೆಲ್ಲಿದ್ದನ್ನು ಬಳಿದು ಮೊರಕ್ಕೆ ಹಾಕಿಕೊಂಡು, ದಬ್ಬಣಕ್ಕೆ ಸುತಳಿ ಪೋಣಿಸಿ, ಚೀಲ ಹೊಲಿಯಲು ಕುಳಿತೆ.