ಬ್ಯಾಡಗಿ ಕಾಲೇಜಿನಲ್ಲಿ ಗಿರಿಜವ್ವನ ಹಾಜರಿ

ರಾಣೆಬೆನ್ನೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆ. ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್ ವ್ಯವಸ್ಥೆ ಕಾಲೇಜುಗಳಲ್ಲಿ ಎಷ್ಟು ಸರಿಯಾಗಿ ನಡೆಯುತ್ತಿದೆ ಎಂದು ನೋಡಿ ಅಂಕ ಕೊಡುವುದು ನನ್ನ ಕೆಲಸ. ಹಿಂದಿನ ದಿನ ರಾಣೆಬೆನ್ನೂರಿನ ಕಾಲೇಜಿನಲ್ಲಿ ಹಾಜರಿ ಯಂತ್ರಕ್ಕೆ ಯಾರೋ ಛತ್ರಿ ನೇತುಹಾಕಿದ್ದರು. ಧಾರಾಳವಾಗಿ ಸೊನ್ನೆ ಕೊಟ್ಟು ಬಂದಿದ್ದೆ.

ಬ್ಯಾಡಗಿ ಇನ್ನೂ ದೂರವಿರುವಾಗಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಬಸ್ಸಿನಲ್ಲಿದ್ದವರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡರು. ನಾನೊಬ್ಬ ಸೀನುತ್ತ ಇಳಿದೆ.

ಕಾಲೇಜು ಮಾರುಕಟ್ಟೆಯ ಹಿಂದೆಯೇ ಇದೆ. ಬಾಗಿಲಲ್ಲಿದ್ದ ಹಾಜರಿ ಯಂತ್ರದೆದುರು ದುಪಟ್ಟಾ ಬಿಗಿದ ಹುಡುಗಿಯೊಬ್ಬಳು ನಿಂತಳು.

“ಗಿರಿಜವ್ವ. ಒಳಗೆ ಬಂದಿದ್ದಾರೆ” ಎಂದಿತು ಯಂತ್ರ.

“ಬಂದೇನಿ” ಎಂದು ಆಕೆ ಮೆಲ್ಲಗೆ ಓಗೊಟ್ಟಳು.

“ಗಿರಿಜವ್ವ ನಮ್ಮ ಕ್ಲರ್ಕ್ ಇದ್ದರು. ತೀರಿಕೊಂಡಾರ್ರಿ” ಎಂದರು ನನ್ನನ್ನು ಎದುರುಗೊಳ್ಳಲು ಬಂದಿದ್ದ ಪ್ರಾಂಶುಪಾಲರು. “ಇಕಿ ಮಗಳು, ರೇಣುಕಾ. ಅವ್ವನ ಕೆಲಸ ಇಕಿಗೆ ಬಂದೈತಿ. ಘಾಟಿನ್ಯಾಗ ಯಾರೂ ಮುಖ ಬಿಚ್ಚೂದಿಲ್ರಿ. ಅದಕ್ಕ ಬರೇ ಕಣ್ಣು ನೋಡಿ ಹಾಜರಿ ಹಿಡಿಯೂವಂಗ ಮಾಡಿಸೇವಿ. ಮಗಳ ಕಣ್ಣು ಥೇಟ್ ಅವ್ವಂದ. ಯಾರ ಹೆಸರಿಗರ ಆಗ್ಲಿ, ಹಾಜರಿ ಬೀಳ್ತೈತೆಲ್ರಿ!”

ಅವರು ನಕ್ಕರು. ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಸತ್ತವಳು ಒಂದು ದಿನವೂ ತಪ್ಪಿಸಿಲ್ಲ, ಬದುಕಿರುವವಳು ಒಂದು ದಿನವೂ ಬಂದಿಲ್ಲ. ಹೀಗೇ ಬಿಟ್ಟರೆ ಈ ತಿಂಗಳೇ ರೇಣುಕಾಳ ನೇಮಕ ರದ್ದಾಗುತ್ತಿತ್ತು.

“ಯಾಕಮ್ಮ, ಹೆಸರು ಬದಲಿಸಿ ಎಂದು ಹೇಳಲಿಲ್ಲ?” ಎಂದೆ.

“ದಿನಾ ಮುಂಜಾನೆ ಅವ್ವನ ಹೆಸರು ಕರೀತೈತ್ರಿ, ಸರ. ಮನ್ಯಾಗ ಯಾರೂ ಕರೆಯೂದಿಲ್ಲ.” ದುಪಟ್ಟಾದ ಗಂಟು ಬಿಗಿದುಕೊಂಡು, “ನೌಕರಿ ಹೋದರ ಮನಿ ನಡಿಯೂದಿಲ್ರಿ. ಅವ್ವನ ಹೆಸರು ತೆಗೀರಿ” ಎಂದಳು.

ಆಕೆ ದಿನಾ ಕೆಲಸಕ್ಕೆ ಬಂದದ್ದಕ್ಕೆ ಪ್ರಾಂಶುಪಾಲರಿಂದ ಪತ್ರ ಬರೆಸಿಕೊಂಡೆ. ಗಿರಿಜವ್ವನ ಖಾತೆ ಮುಚ್ಚಿ, ಅದೇ ಕಣ್ಣುಗಳನ್ನು ರೇಣುಕಾಳ ಹೆಸರಿಗೆ ಸೇರಿಸಿದೆ. ಆಕೆ ಮತ್ತೆ ಎದುರು ನಿಂತಳು.

“ರೇಣುಕಾ. ಒಳಗೆ ಬಂದಿದ್ದಾರೆ.”

ಈ ಸಲ ಆಕೆ ಓಗೊಡಲಿಲ್ಲ. ಹಿಂದಿರುಗಿ ಖಾಲಿ ಪಡಸಾಲೆಯನ್ನು ನೋಡಿದಳು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ.

ಸಂಜೆ ಹಾವೇರಿಯ ರೈಲಿನಲ್ಲಿ ಕುಳಿತು ಅಂಕ ಹಾಕಲು ಲ್ಯಾಪ್‌ಟಾಪ್ ತೆರೆದೆ. ಕಾಲೇಜಿಗೆ ಆಗಲೇ ಬೀಗ ಬಿದ್ದಿತ್ತು. ರೇಣುಕಾ ಹೊರಗೆ ಹೋದದ್ದು ದಾಖಲಾಗಿತ್ತು. ಗಿರಿಜವ್ವ ಬೆಳಿಗ್ಗೆ ಒಳಗೆ ಬಂದದ್ದೂ ಇತ್ತು. ಖಾತೆ ಮುಚ್ಚಿದವನು ನಾನೇ. ಇನ್ನು ಗಿರಿಜವ್ವ ಹೊರಗೆ ಹೋದಳೆಂದು ಬರೆಯಲು ಯಾರಿಗೂ ಬರುವಂತಿರಲಿಲ್ಲ.

ಕಾಲೇಜಿನಲ್ಲಿ ಈಗ ಇರುವವರು: ಒಬ್ಬರು.