ಅಮ್ಮನ ಮಾತ್ರೆ, ಅಪ್ಪನ ಅನುಮಾನ

ಇವತ್ತು ಮಧುಗಿರಿಯ ಹಲ್ಲಿನ ಡಾಕ್ಟರು ಅಮ್ಮನ ಕೈಗೆ ನಾಲ್ಕು ಮಾತ್ರೆ ಕೊಟ್ಟರು ಕಣ್ರೀ.

"ನಿಮ್ಮ ಹಾರ್ಟಿಗೆ ಬೇರೆ ವಾಲ್ವ್ ಹಾಕಿದೆ. ಹಲ್ಲು ಕೀಳುವಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಅಲ್ಲಿ ಕೂತರೆ ಅಪಾಯ. ಅದನ್ನ ತಡೆಯೋಕೆ ಈ ಆಂಟಿಬಯೋಟಿಕ್. ನಾಲ್ಕೂ ಈಗ ನುಂಗಿ, ಒಂದು ಗಂಟೆ ಬಿಟ್ಟು ಕೀಳ್ತೀನಿ."

ಅಪ್ಪನಿಗೆ ಅನುಮಾನ. "ನಂಗೂ ಹಾರ್ಟಿಗೆ ಸ್ಟೆಂಟ್ ಹಾಕವ್ರೆ. ನನ್ನ ಹಲ್ಲು ಕಿತ್ತಾಗ ಯಾಕೆ ಕೊಡ್ಲಿಲ್ಲ?"

"ಸ್ಟೆಂಟಿಗೆ ಬೇಕಾಗಲ್ಲ ಯಜಮಾನ್ರೇ."

ಗಂಟೆ ಬಿಟ್ಟು ನೋಡಿದರೆ ಮಾತ್ರೆಯ ಖಾಲಿ ಶೀಟು ಅಪ್ಪನ ಜೇಬಿನಲ್ಲಿ!

"ಹಲ್ಲುನೋವಿಗೆ ಎದೆ ಮಾತ್ರೆ ಯಾಕೆ, ಬ್ಯಾಡ ಅಂದ್ಲು ಇವ್ಳು. ನಾನೇ ನುಂಗ್ಬುಟ್ಟೆ."

ಡಾಕ್ಟರು ಬೇರೆ ಮಾತ್ರೆ ತಂದು, ಅಮ್ಮ ನುಂಗುವವರೆಗೂ ಎದುರಿಗೇ ನಿಂತರು.

ಅಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಕಾವಲು ನಿಂತು ನುಂಗಿಸ್ತಾವ್ನೆ. ಒಳಗೇನೋ ಐತೆ ಕಣಮ್ಮ."

ಏನಾದರೂ ಇದ್ದರೆ ಅದು ಅಪ್ಪನ ಹೊಟ್ಟೆಯೊಳಗೇ ಇದೆ, ಸ್ವಾಮಿ!